ಹಾಯಿದೋಣಿ ನಿಂತಿದ್ದ ಅಂಗಳ

"ಈ ಮಳಿಗಾಲಕ್ಕ ನನಗ ಅಂಗಳ ಬೇಕ್ರಿ," ಎಂದಳು ಮಮತಾ, ಗಂಡನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ.

ಅರ್ಜುನ ಹೆಸರುಕಾಳಿನ ಪಲ್ಯ ಹಚ್ಚಿಕೊಂಡು ತುತ್ತು ಬಾಯಿಗಿಟ್ಟ.

"ನಿಮಗ ಹೇಳಾಕತ್ತೀನಿ."

"ಕೇಳಸ್ತು."

"ಕೇಳಸ್ತು ಅಂದ್ರ ಆತೇನು? ಅಡಗಿಮನ್ಯಾಗ ಮೂರು ಒಲಿ ಹಚ್ಚಿದ್ರ ಹೊಗಿ ಎಲ್ಲಿ ಹೋಗಬೇಕು? ಸುಗ್ರಾಬಿ ಕಣ್ಣ ನೋಡ್ರಿ, ಮೆಣಸಿನಕಾಯಿ ಆಗ್ಯಾವು."

ಪಕ್ಕದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ, ಅವಳ ಕೆಲಸದ ಜತೆಗಾತಿ ಸುಗ್ರಾಬಿ ತಲೆ ಎತ್ತದೆ ನಕ್ಕಳು. "ನನ್ನ ಕಣ್ಣ ಮೊದಲಿಂದನೂ ಹಂಗ ಅದಾವ್ರಿ ಅಣ್ಣಾರ. ನಮ್ಮ ಮನಿಯವರನ್ನ ನೋಡಿ ನೋಡಿ ಹಂಗಾಗ್ಯಾವು."

ಅಂಗಳದಲ್ಲಿ ನಿಂತಿದ್ದದ್ದು ದೋಣಿ. ಇಪ್ಪತ್ತೆರಡು ಅಡಿ ಉದ್ದದ ಫೈಬರ್ ಹಾಯಿದೋಣಿ. ಹೊಟ್ಟೆಯಲ್ಲಿ ಇಬ್ಬರು ಮಲಗುವಷ್ಟು ಕೋಣೆ, ಒಂದು ಸಣ್ಣ ಒಲೆ, ಬೋಗುಣಿಯಷ್ಟು ಸಿಂಕು. ಆರು ಕಬ್ಬಿಣದ ಕಾಲುಗಳ ಮೇಲೆ, ಬೇವಿನ ಗಿಡಕ್ಕೂ ಬಚ್ಚಲಿಗೂ ನಡುವೆ, ಮೂತಿಯನ್ನು ಓಣಿಯ ಕಡೆ ಮಾಡಿ ನಿಂತು ಮೂರು ಬೇಸಿಗೆ ಕಳೆದಿತ್ತು. ಹಾಯಿಯ ಕಂಬವನ್ನು ಬಿಚ್ಚಿ ಕಾಂಪೌಂಡಿನ ಗುಂಟ ಮಲಗಿಸಿದ್ದರು. ಅದರ ಮೇಲೆ ಸೀರೆ ಒಣಗುತ್ತಿದ್ದವು. ಮಲ್ಲಸಮುದ್ರದ ಆ ಓಣಿಯವರು ಈಗ ನಿಂತು ನೋಡುವುದನ್ನು ಬಿಟ್ಟಿದ್ದರು. ಗದಗಿನಿಂದ ಯಾರಾದರೂ ರೊಟ್ಟಿ ಒಯ್ಯಲು ಬಂದರೆ ‘ಹಡಗದ ಮನಿ’ ಎಂದು ಕೈ ತೋರಿಸುತ್ತಿದ್ದರು.

ಅರ್ಜುನ ಕುರ್ತಕೋಟಿಯವನು. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ಸರಕಿನ ಹಡಗು ಹತ್ತಿದ. ಕೊನೆಯ ವರ್ಷಗಳಲ್ಲಿ ಗೋವೆಯಲ್ಲಿ ಉಳ್ಳವರ ಹಾಯಿದೋಣಿಗಳನ್ನು ರಿಪೇರಿ ಮಾಡುತ್ತಿದ್ದ. ಅಲ್ಲಿ ಒಬ್ಬ ಬೇಡವೆಂದು ಬಿಟ್ಟ ದೋಣಿಯನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ಮನೆಗೆ ಬಂದ. ಮಮತಾ ಅವತ್ತು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆರತಿ ಆರುವ ತನಕ ಅವನು ಲಾರಿಯಿಂದ ದೋಣಿ ಇಳಿಸುವುದರಲ್ಲೇ ಇದ್ದ.

ಅವನು ಹಡಗಿನಲ್ಲಿದ್ದಾಗ ಪ್ರತಿ ಸಲ ಹೊರಡುವ ಮುಂಚೆ ಮಮತಾ ಗರಿಗರಿಯಾಗಿ ಒಣಗಿಸಿದ ಖಡಕ್ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಎಷ್ಟು ಬೇಕೆಂದು ಅವನೇ ಹೇಳುತ್ತಿದ್ದ. ಅವಳು ಎಷ್ಟು ಬಡಿಯುತ್ತಾಳೆ ಎಂಬುದರ ಮೇಲೆ ಓಣಿಯವರು ಅರ್ಜುನ ಎಷ್ಟು ತಿಂಗಳಿಗೆ ಬರುತ್ತಾನೆಂದು ಹೇಳುತ್ತಿದ್ದರು. ಆಮೇಲೆ ಅದೇ ಅವಳ ಕಸುಬಾಯಿತು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವಳ ಖಡಕ್ ರೊಟ್ಟಿ ಹೋಗುತ್ತವೆ. ಆದರೆ ಗಂಡ ಊರಿಗೆ ಬಂದು ನಿಂತ ಮೇಲೆ ಅವನ ತಾಟಿಗೆ ಅವಳು ಒಂದು ದಿನವೂ ಖಡಕ್ ರೊಟ್ಟಿ ಹಾಕಿರಲಿಲ್ಲ. ಹೆಂಚಿನಿಂದ ಇಳಿದ ಮೆತ್ತನೆಯದೇ ಹಾಕುತ್ತಿದ್ದಳು.

"ದಸರಾಕ್ಕ ನೀರಿಗೆ ಇಳಸ್ತೀನಿ," ಎಂದ ಅರ್ಜುನ, ಕೈ ತೊಳೆಯುತ್ತ. "ಹಮ್ಮಿಗಿ ಕಡೆ ತುಂಗಭದ್ರೆ ಹಿನ್ನೀರು ಐತಲ್ಲ, ಅಲ್ಲಿ."

"ಹೋದ ದಸರಾಕ್ಕೂ ಹಿಂಗ ಅಂದಿದ್ರಿ."

"ಹೋದ ವರ್ಷ ಹಾಯಿ ಹರಿದಿತ್ತು."

"ಅದರ ಹಿಂದಿನ ವರ್ಷ ಚುಕ್ಕಾಣಿ. ಈ ವರ್ಷ ಏನು?"

"ಕಂಬದ ತಂತಿ ಬದಲ ಮಾಡಬೇಕು. ಒಂದು ಸೋಲಾರ್ ಹಾಕಬೇಕು. ಅಷ್ಟ."

"ಅಷ್ಟ ಅನ್ನೂದು ಮುಗಿಯಂಗಿಲ್ಲ. ದಸರಾಕ್ಕ ಇಳಸ್ರಿ, ಇಲ್ಲಾಂದ್ರ ಮಾರ್ರಿ. ಅಂಗಳದಾಗ ನಾ ಶೆಡ್ ಹಾಕಾಕಿ. ಇಪ್ಪತ್ತು ವರ್ಷ ನೀರಾಗ ಇದ್ರಿ. ಈಗ ಮನಿಗೆ ಬಂದೀರಿ ಅಂದ್ರ ಅಂಗಳದಾಗ ಹಡಗ ನಿಲ್ಲಿಸಿ ಅದರಾಗ ಹೋಗಿ ಮಲಗತೀರಿ."

"ಒಳಗ ಸೆಕಿ."

"ಫೈಬರ್ ಡಬ್ಬಿಯಾಗ ತಂಪ ಐತೇನು?"

ಅರ್ಜುನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ನಡೆದ.

ಆ ವಾರ ಅವನು ದೋಣಿಯನ್ನು ಪರೀಕ್ಷೆ ಮಾಡಿದ. ತಳಕ್ಕೆ ಹೊಸದಾಗಿ ರೆಸಿನ್ ಎಂಬ ಅಂಟು ಬಳಿದಿದ್ದ. ಮನೆಯವರನ್ನೆಲ್ಲ ಕರೆದು, ನಾಲ್ಕಾರು ಕೊಡ ನೀರನ್ನು ದೋಣಿಯ ಒಳಗೆ ಸುರಿದ.

"ನೀರು ಹೊರಗ ಇರಬೇಕಲ್ಲಪ, ನೀ ಒಳಗ ಹಾಕಾಕತ್ತಿ," ಎಂದಳು ಮಗಳು ಸ್ನೇಹಾ. ಅವಳು ಗದಗಿನ ಕಾಲೇಜಿನಲ್ಲಿ ಬಿ.ಎಡ್. ಓದುತ್ತಿದ್ದಳು.

"ಒಳಗಿನ ನೀರು ಹೊರಗ ಬರಲಿಲ್ಲಂದ್ರ ಹೊರಗಿನ ನೀರು ಒಳಗ ಬರೂದಿಲ್ಲ. ಕೆಳಗ ಕೈ ಹಚ್ಚಿ ನೋಡ್ರಿ."

ಅವನ ತಾಯಿ ಹುಚ್ಚವ್ವ ಬಗ್ಗಿ, ದೋಣಿಯ ತಳಕ್ಕೆ ಎಮ್ಮೆಯ ಹೊಟ್ಟೆ ಸವರಿದಂತೆ ಅಂಗೈ ಆಡಿಸಿದಳು. "ಒಂದ ಹನಿ ಇಲ್ಲಲೇ ಅರ್ಜ್ಯಾ! ನಮ್ಮ ಸಿಮೆಂಟ್ ಟಾಕಿ ಸೋರತೈತಿ, ಇದು ಸೋರೂದಿಲ್ಲ."

ಸಿಮೆಂಟ್ ಟಾಕಿ ಎರೆಮಣ್ಣು ಬಿರಿದಾಗಲೇ ಸೀಳಿತ್ತು. ಅದರ ರಿಪೇರಿಯ ಮಾತು ಪ್ರತಿ ಬೇಸಿಗೆಯಲ್ಲೂ ಬಂದು ಹೋಗುತ್ತಿತ್ತು. ಅರ್ಜುನ ದೋಣಿಯ ಪಕ್ಕ ಬಡಿದು, "ಎಷ್ಟ ನೀರ ಹಾಕ್ರಿ, ಜಗ್ಗೂದಿಲ್ಲ," ಎಂದ. ಬಹಳ ದಿನಗಳ ಮೇಲೆ ಅವನು ಖುಷಿಯಲ್ಲಿದ್ದುದನ್ನು ಎಲ್ಲರೂ ನೋಡಿದರು.

ಮೇ ತಿಂಗಳಲ್ಲಿ ಅವನು ಕಂಬದ ತಂತಿ ತರಲು ಗೋವೆಗೆ ಹೊರಟ.

"ಖಡಕ್ ಕಟ್ಟಲ್ಯಾ?" ಎಂದು ಕೇಳಿದಳು ಹುಚ್ಚವ್ವ.

"ಬ್ಯಾಡವ್ವ, ನಾಡದ ಬರಾಂವ. ಮೆತ್ತನವ ಸಾಕು."

ಮಮತಾ ಮೆತ್ತನೆಯ ರೊಟ್ಟಿಯನ್ನು ಶೇಂಗಾ ಚಟ್ನಿಯ ಜತೆ ಅರಿವೆಯಲ್ಲಿ ಕಟ್ಟಿದಳು.

ಅವನು ಹೋದ ಮರುದಿನ ಬೆಳಿಗ್ಗೆ ನಳ ಬಂತು. ಹದಿನೈದು ದಿನಕ್ಕೊಮ್ಮೆ ಬರುವ ನೀರು. ಅವತ್ತು ಎಂದೂ ಇಲ್ಲದ ರಭಸ. ಶಿರಹಟ್ಟಿಯ ಒಂದು ಮದುವೆಗೆ ದೊಡ್ಡ ಆರ್ಡರು ಹಿಡಿದಿದ್ದ ಮಮತಾಳಿಗೆ ನೀರಿನದೇ ಚಿಂತೆ. ಡ್ರಮ್ಮು, ಕೊಡ, ಹಂಡೆ, ಪಾತ್ರೆ, ಸ್ನೇಹಾಳ ಹಳೆಯ ತಿಂಡಿ ಡಬ್ಬಿಗಳು ಕೂಡ ತುಂಬಿದವು. ನೀರು ನಿಲ್ಲಲಿಲ್ಲ.

"ಇನ್ನ ಎಲ್ಲಿ ಹಿಡೀಲಿ?" ಎಂದು ಪೈಪು ಹಿಡಿದು ನಿಂತಳು ಹುಚ್ಚವ್ವ. ಆಮೇಲೆ ದೋಣಿಯ ಕಡೆ ನೋಡಿದಳು. ಮಮತಾಳೂ ನೋಡಿದಳು.

"ಅದರಾಗ ರೆಸಿನ್ ವಾಸನಿ ಐತಿ," ಎಂದಳು ಸ್ನೇಹಾ. "ಕುಡ್ಯಾಕ ಬರಂಗಿಲ್ಲ."

"ಕುಡ್ಯಾಕ ಯಾರಂದ್ರು? ಭಾಂಡೆ ತೊಳ್ಯಾಕ, ಅರಿವಿ ಒಗ್ಯಾಕ ಆಗತೈತಿ."

"ಅಪ್ಪಗ ಒಂದು ಮಾತ ಕೇಳೂಣೇನು?"

"ಎಷ್ಟ ಹಾಕಿದ್ರೂ ಜಗ್ಗೂದಿಲ್ಲ ಅಂತ ನಿಮ್ಮಪ್ಪನ ಹೇಳ್ಯಾನಲ್ಲ," ಎಂದಳು ಹುಚ್ಚವ್ವ.

ಮಮತಾ ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿದಳು. "ಹಾಕ್ರಿ," ಎಂದಳು.

ಪೈಪನ್ನು ದೋಣಿಯೊಳಕ್ಕೆ ಇಳಿಬಿಟ್ಟು ಎಲ್ಲರೂ ರೊಟ್ಟಿ ಬಡಿಯಲು ಕುಳಿತರು. ಒಳಗಿನ ಕೋಣೆಯ ಹಲಗೆ ಮುಳುಗಿತು, ಮಲಗುವ ಜಾಗ ಮುಳುಗಿತು, ಸಿಂಕು ಮುಳುಗಿತು. ಪೈಪಿನ ಸೀಳಿನಿಂದ ಸೋರಿದ ನೀರು ಸದ್ದಿಲ್ಲದೆ ಕೆಳಗಿನ ಎರೆಮಣ್ಣಿಗೆ ಇಳಿಯುತ್ತಿತ್ತು. ಬೇಸಿಗೆಯುದ್ದಕ್ಕೂ ಬಿರಿದು ನಿಂತಿದ್ದ ಮಣ್ಣು ಅದನ್ನು ಕುಡಿದು ಮೆತ್ತಗಾಯಿತು.

ಮೊದಲು ಕಬ್ಬಿಣ ನರಳಿದ ಸದ್ದು ಬಂತು. ಆಮೇಲೆ ತೆಂಗಿನಕಾಯಿ ಒಡೆದಂತೆ ಒಂದು ಸದ್ದು. ಹೊರಗೆ ಓಡಿ ಬಂದಾಗ ಒಂದು ಕಾಲು ಮೊಣಕಾಲುದ್ದ ಮಣ್ಣಿಗೆ ಇಳಿದಿತ್ತು. ದೋಣಿ ಬಚ್ಚಲಿನ ಕಡೆ ವಾಲಿತ್ತು. ಆ ಕಡೆಯ ಇನ್ನೊಂದು ಕಾಲು ಅದರ ಹೊಟ್ಟೆಯನ್ನು ಒಡೆದು ಒಳಗೆ ಹೋಗಿತ್ತು. ನೀರು ಅಂಗಳ ದಾಟಿ ಓಣಿಗೆ ಹರಿಯುತ್ತಿತ್ತು. ಅದರ ಜತೆಗೆ ಅರ್ಜುನನ ಒಂದು ದಿಂಬು, ಚಹಾದ ಲೋಟ, ಹವಾಯಿ ಚಪ್ಪಲಿ ತೇಲಿ ಹೋದವು.

ಹುಚ್ಚವ್ವ ಕಟ್ಟೆಯ ಮೇಲೆ ಕುಸಿದು ಕುಳಿತಳು. "ನಾ ಹೇಳಿದೆ ಅಂತ ಹೇಳಬ್ಯಾಡ ಮಮತಾ."

"ಹಾಕ್ರಿ ಅಂದಾಕಿ ನಾ ಅಲ್ಲೇನ್ರಿ ಅತ್ತಿ," ಎಂದಳು ಮಮತಾ.

ಅರ್ಜುನ ಮರುದಿನ ಮಧ್ಯಾಹ್ನ ತಂತಿಯ ಸುರುಳಿ ಹೊತ್ತು ಬಂದ. ಗೇಟಿನಲ್ಲೇ ನಿಂತು ನೋಡಿದ. ಮಮತಾ ಹೊರಗೆ ಬಂದು, "ನಾ ನೀರ ಹಾಕಸಿದೆ," ಎಂದಳು. ಅವನು ಬೈದರೆ ಏನು ಹೇಳಬೇಕೆಂದು ಅವಳು ರಾತ್ರಿಯೇ ಜೋಡಿಸಿ ಇಟ್ಟುಕೊಂಡಿದ್ದಳು. ಅಂಗಳದ ಮಾತು, ಇಪ್ಪತ್ತು ವರ್ಷದ ಮಾತು, ಸೋರುವ ಟಾಕಿಯ ಮಾತು.

ಅವನು ಬೈಯಲಿಲ್ಲ. ತೂತಿನ ಒಳಗೆ ಕೈ ಹಾಕಿ ಅಂಚನ್ನು ಮುಟ್ಟಿ ನೋಡಿದ. "ಊಟಕ್ಕ ಏನ್ ಮಾಡೀದಿ?" ಎಂದು ಕೇಳಿದ.

ಮೂರು ದಿನ ಅವನು ಮಾತಾಡಿದ್ದು ಊಟಕ್ಕೆ ಬೇಕಾದಷ್ಟೇ. ನಾಲ್ಕನೆಯ ದಿನ ಸುಗ್ರಾಬಿಯ ಗಂಡ ಗೌಸಸಾಬ ತನ್ನ ಕ್ರೇನ್ ಲಾರಿ ತಂದು ದೋಣಿಯನ್ನು ಎತ್ತಿ ಹಿಡಿದ. ಅರ್ಜುನ ಕಾಲುಗಳ ಕೆಳಗೆ ಕಲ್ಲುಚಪ್ಪಡಿ ಹಾಸಿದ.

"ಹುಬ್ಬಳ್ಳಿ ರಸ್ತೇದಾಗ ಒಂದು ಢಾಬಾದವರು ಕೇಳಾಕತ್ತಾರ," ಎಂದ ಗೌಸಸಾಬ. "ಮುಂದ ನಿಲ್ಲಸ್ತಾರಂತ. ಮಂದಿ ಹತ್ತಿ ಫೋಟೊ ಹೊಡಕೊಳ್ಳಾಕ. ತೂತಿದ್ದರೂ ನಡೀತೈತಂತ. ಕೊಟ್ಟ ಬಿಡ್ರಿ."

ಅರ್ಜುನ ಹೆಂಡತಿಯ ಕಡೆ ನೋಡಿದ. ಅಂಗಳ ಅವಳದು, ಮಾತು ಕೊಟ್ಟದ್ದು ಅವಳಿಗೆ. ಅವಳು ಹೂಂ ಎಂದಿದ್ದರೆ ಅವತ್ತೇ ಲಾರಿಯಲ್ಲಿ ಹೋಗುತ್ತಿತ್ತು.

"ದಸರೆ ಇನ್ನ ಬಂದಿಲ್ಲಲ್ಲ," ಎಂದಳು ಮಮತಾ.

ತೂತು ಮುಚ್ಚುವ ಕೆಲಸ ಒಬ್ಬರದಲ್ಲ. ಒಡೆದ ಅಂಚನ್ನು ಉಜ್ಜಿ ಇಳಿಜಾರು ಮಾಡಬೇಕು. ಗಾಜಿನೆಳೆಯ ಬಟ್ಟೆಯನ್ನು ರೆಸಿನ್‌ನಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಬೇಕು. ಗಟ್ಟಿಯಾಗುವುದರೊಳಗೆ ನಡುವಿನ ಗಾಳಿಯನ್ನೆಲ್ಲ ಒತ್ತಿ ತೆಗೆಯಬೇಕು. ಒಬ್ಬರು ಒಳಗೆ, ಒಬ್ಬರು ಹೊರಗೆ. ಸ್ನೇಹಾಳಿಗೆ ಪರೀಕ್ಷೆ. ಹುಚ್ಚವ್ವಳಿಗೆ ವಾಸನೆಗೆ ತಲೆ ತಿರುಗುತ್ತಿತ್ತು. ಕೊನೆಗೆ ಮಮತಾಳೇ ಸಂಜೆಯ ಒಲೆ ಆರಿಸಿದ ಮೇಲೆ ರಬ್ಬರಿನ ಕೈಗವಸು ಹಾಕಿಕೊಂಡು ಬಂದಳು.

"ಹಂಗ ತಿಕ್ಕಬ್ಯಾಡ, ಗುಳ್ಳಿ ಉಳೀತಾವು," ಎಂದ ಅರ್ಜುನ.

"ಸರೀರಿ ಆ ಕಡೆ." ಅವಳು ನಡುವಿನಿಂದ ಅಂಚಿನ ಕಡೆಗೆ, ಸುತ್ತ ತಿರುಗಿಸುತ್ತ, ಅಂಗೈಯಿಂದ ತಟ್ಟುತ್ತ ಬಂದಳು. ಬಟ್ಟೆ ಒಂದೇ ಸಮನಾಗಿ ಕುಳಿತಿತು.

ಅರ್ಜುನ ಟಾರ್ಚು ಹಿಡಿದು ನೋಡಿದ. "ಎಲ್ಲಿ ಕಲತಿ?"

"ಇದಕ್ಕೇನ ಕಲೀಬೇಕ್ರಿ. ದಂಡಿ ದಪ್ಪ ಆದ್ರ ರೊಟ್ಟಿ ಉಬ್ಬಂಗಿಲ್ಲ."

ಮಳೆ ಹಿಡಿಯಿತು. ತಾಡಪತ್ರಿ ಕಟ್ಟಿ ಕೆಲಸ ಮಾಡಿದರು. ಒಂದು ಪದರ ಒಣಗುವ ತನಕ ಕಾಯಬೇಕಿತ್ತು. ಕಾಯುವಾಗ ಅವನು ದೋಣಿಯ ಒಲೆಯ ಮೇಲೆ ಚಹಾ ಮಾಡುತ್ತಿದ್ದ. ಮೂರು ವರ್ಷ ಅಂಗಳದಲ್ಲಿ ನಿಂತಿದ್ದ ದೋಣಿಯ ಒಳಗೆ ಮಮತಾ ಕುಳಿತದ್ದು ಆಗಲೇ ಮೊದಲು. ಕಾಲು ಚಾಚಿದರೆ ಎದುರಿನವರ ಕಾಲಿಗೆ ತಾಗುತ್ತಿತ್ತು.

"ಸಕ್ಕರಿ ಕಡಿಮಿ ಆಗೇತಿ," ಎನ್ನುತ್ತಿದ್ದಳು.

"ಹಾಕ್ಕೋ."

"ನೀವ ಹಾಕ್ರಿ. ನಿಮ್ಮ ಮನಿಗೆ ಬಂದೀನಿ."

ಅವನು ನಕ್ಕು ಸಕ್ಕರೆ ಹಾಕುತ್ತಿದ್ದ. ಒಮ್ಮೊಮ್ಮೆ ಯಾವುದೋ ಬಂದರಿನ ಮಾತು ಹೇಳುತ್ತಿದ್ದ. ಅವಳು ಸ್ನೇಹಾಳಿಗೆ ಟೈಫಾಯ್ಡ್ ಆದಾಗ ಯಾರ ಗಾಡಿಯಲ್ಲಿ ದವಾಖಾನೆಗೆ ಒಯ್ದೆ ಎಂದು ಹೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ.

"ನೋಡ್ರಿ ಅತ್ತಿಯವರ," ಎಂದಳು ಸುಗ್ರಾಬಿ ಹುಚ್ಚವ್ವಳಿಗೆ, ತಾಡಪತ್ರಿಯ ಕಡೆ ಕಣ್ಣು ತೋರಿಸಿ. "ಹೊಸಾ ಮದುವಿ ಆದಂಗ ಮಾಡ್ತಾರ. ತೂತ ಮೊದಲ ಬೀಳಬೇಕಾಗಿತ್ತು."

ಶ್ರಾವಣ ಮುಗಿಯುವ ಹೊತ್ತಿಗೆ ತೂತಿದ್ದ ಜಾಗ ಕೈಗೆ ಸಿಗದಂತಾಯಿತು. ತಂತಿಗಳು ಬದಲಾದವು. ಕೋಣೆಯ ಮೇಲೆ ಸೋಲಾರ್ ಫಲಕ ಕೂತಿತು. ತಳದ ನೀರು ತೆಗೆಯಲು ಹೊಸ ಕೈಪಂಪು ಬಂತು. ಕೆಲಸ ಮುಗಿದ ಸಂಜೆ ಮಮತಾ ಎಂದಿನಂತೆ ಕೈಗವಸು ಹಾಕಿಕೊಂಡು ಹೊರಬಂದಳು.

"ಇನ್ನೇನೂ ಇಲ್ಲ," ಎಂದ ಅರ್ಜುನ. "ಆತು."

"ಮ್ಯಾಲ ಒಂದು ಪದರು ಹಾಕೂದು ಬ್ಯಾಡೇನು?"

"ಬ್ಯಾಡ. ಭಾರ ಆಗತೈತಿ."

ಅವಳು ಕೈಗವಸು ಕಳಚಿ ಬಚ್ಚಲಿನ ಗೋಡೆಯ ಮೇಲಿಟ್ಟಳು.

ದಸರೆಗೆ ಒಂದು ವಾರ ಮೊದಲೇ ಗೌಸಸಾಬನ ಲಾರಿ ಹೊರಟಿತು. ಹಿಂದೆ ಟಂಟಂ ಗಾಡಿಯಲ್ಲಿ ಮಮತಾ, ಸ್ನೇಹಾ, ಹುಚ್ಚವ್ವ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿದ್ದವು. ಮುಂಡರಗಿ ದಾಟಿದ ಮೇಲೆ ಹುಚ್ಚವ್ವ ಮಲಗಿಬಿಟ್ಟಳು.

ಹಿನ್ನೀರಿನ ದಂಡೆಯಲ್ಲಿ ಹರಿಗೋಲಿನ ಮೀನುಗಾರರು ಬಂದು ಸುತ್ತ ನಿಂತರು. ಅವರಲ್ಲಿ ಮೌನೇಶ ಎಂಬವನು ನೀರಿಗೆ ಇಳಿದು ದೋಣಿಯನ್ನು ಹಿಡಿದು ಕೊಟ್ಟ. ಕ್ರೇನಿನ ಪಟ್ಟಿ ಸಡಿಲಾಯಿತು. ದೋಣಿ ಒಮ್ಮೆ ಕುಲುಕಿ ನೀರಿನ ಮೇಲೆ ಕುಳಿತಿತು. ಅರ್ಜುನ ಒಳಗೆ ಹೋಗಿ, ತೂತಿದ್ದ ಜಾಗಕ್ಕೆ ಅಂಗೈ ಒತ್ತಿ, ಹೊರಗೆ ಬಂದು ಹೆಂಡತಿಗೆ ಒದ್ದೆಯಾಗದ ಅಂಗೈ ತೋರಿಸಿದ.

"ಹತ್ತು," ಎಂದ.

"ನನಗ ನೀರಂದ್ರ ಅಂಜಿಕಿ."

"ಅವ್ವಾ, ಹತ್ತ. ತೂತ ನೀನ ಮುಚ್ಚಿದ್ದೈತಿ," ಎಂದು ಸ್ನೇಹಾ ಹಿಂದಿನಿಂದ ದೂಡಿದಳು.

ಮಮತಾ ಕಣ್ಣು ಮುಚ್ಚಿ ಹತ್ತಿದಳು. ಹಾಯಿ ಏರಿತು. ಗಾಳಿ ಹಿಡಿದ ಕೂಡಲೇ ದೋಣಿ ಒಂದು ಕಡೆ ವಾಲಿ ಓಡಿತು. ಅವಳು ಎರಡೂ ಕೈಯಿಂದ ಹಲಗೆ ಹಿಡಿದುಕೊಂಡು ಗಂಡನನ್ನು ನೋಡಿದಳು. ಮನೆಯಲ್ಲಿ ತಾಟಿನ ಮುಂದೆ ಸಾವಕಾಶ ಕೂರುವ ಮನುಷ್ಯ ಇವನಲ್ಲ. ಹಗ್ಗ ಎಳೆಯುತ್ತಿದ್ದ, ಬಿಡುತ್ತಿದ್ದ, ಕಂಬದ ತುದಿ ನೋಡುತ್ತಿದ್ದ, ನೀರಿನ ಮೇಲಿನ ಸುಕ್ಕು ನೋಡುತ್ತಿದ್ದ.

"ಚಲೋ ಐತ್ರಿ," ಎಂದಳು.

ಅವನಿಗೆ ಕೇಳಿಸಲಿಲ್ಲ.

"ಚಲೋ ಐತಿ ಅಂದೆ!"

"ಬಗ್ಗು!" ಎಂದು ಕೂಗಿದ ಅವನು. ಹಾಯಿಯ ಅಡ್ಡಗೋಲು ಅವಳ ತಲೆಯ ಮೇಲಿನಿಂದ ಬೀಸಿ ಆ ಕಡೆ ಹೋಯಿತು. ದೋಣಿ ತಿರುಗಿತು. ಅವನು ಆಗಲೇ ಇನ್ನೊಂದು ಹಗ್ಗಕ್ಕೆ ಕೈ ಹಾಕಿದ್ದ. ದಂಡೆಗೆ ಬರುವ ತನಕ ಅವಳು ಬಗ್ಗಿಕೊಂಡೇ ಕುಳಿತಿದ್ದಳು.

ದಂಡೆಯ ಮೇಲೆ ಎಲ್ಲರೂ ಬುತ್ತಿ ಬಿಚ್ಚಿ ಉಂಡರು. ಎಣ್ಣೆಗಾಯಿ, ಮೊಸರು, ಮೆತ್ತನೆಯ ರೊಟ್ಟಿ. ಹೊರಡುವಾಗ ಅರ್ಜುನ ದೋಣಿಯಿಂದ ಇಳಿಯಲಿಲ್ಲ.

"ನೀವ ಹೋಗ್ರಿ. ಇವತ್ತೊಂದಿನ ಇಲ್ಲೇ ಇರ್ತೀನಿ. ಹೊಸಾ ಜಾಗ, ಹಗ್ಗ ಹೆಂಗ ಜಗ್ಗತಾವು ನೋಡಬೇಕು."

"ನಾ ನೋಡ್ತೀನಲ್ರಿ ಯಜಮಾನ್ರ," ಎಂದ ಮೌನೇಶ. "ನಮ್ಮ ಗುಡಸಲಾ ಇಲ್ಲೇ ಐತಿ. ಒಂದು ದಾರ ಹೋಗಂಗಿಲ್ಲ. ನೀವ ಮನಿಗೆ ಹೋಗ್ರಿ."

"ಇರಲಿ ಬಿಡಪ," ಎಂದ ಅರ್ಜುನ.

ಮಮತಾ ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವು ಒಣಗಿಹೋಗುವಂಥವು.

ಮರುದಿನ ಅವನು ಬರಲಿಲ್ಲ. ಒಂದು ಹಗ್ಗ ಕಲ್ಲಿಗೆ ಉಜ್ಜುತ್ತಿದೆ ಎಂದು ಫೋನು ಮಾಡಿದ. ಆಮೇಲೆ ಪಂಪು. ಆಮೇಲೆ ಸೋಲಾರಿನ ವೈರು. ನಡುವೆ ದಸರೆಯ ದಿನ ಬನ್ನಿ ಕೊಡಲು ಬಂದ. ಸ್ನಾನ ಮಾಡಿ, ಉಂಡು, ಎರಡು ಲುಂಗಿ, ಒಂದು ಚಾದರ ತೆಗೆದುಕೊಂಡು ಸಂಜೆಯ ಬಸ್ಸಿಗೇ ಹೋದ.

"ಬೋಟ್ ಹಡದೈತಿ, ಅಪ್ಪ ಬಾಣಂತನ ಮಾಡಾಕತ್ತಾನ," ಎಂದಳು ಸ್ನೇಹಾ.

"ನಿನ್ನ ಹಡದಾಗ ಬಂದಿರಲಿಲ್ಲ," ಎಂದಳು ಹುಚ್ಚವ್ವ. ಹೇಳಿದ ಮೇಲೆ ಸೊಸೆಯ ಮುಖ ನೋಡಿ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು.

ಮಮತಾ ಶೆಡ್ ಹಾಕಿಸಿದಳು. ದೋಣಿಯ ಕಾಲುಗಳಿದ್ದಲ್ಲಿ ಉಳಿದ ಗುಂಡಿಗಳಿಗೆ ಗರಸು ಮಣ್ಣು ತುಂಬಿಸಿ, ಮೇಲೆ ಶಹಾಬಾದ ಕಲ್ಲು ಹಾಸಿಸಿದಳು. ಮೂರು ಒಲೆ ಆರಾದವು. ಹೊಗೆ ಎತ್ತರಕ್ಕೆ ಹೋಗುತ್ತಿತ್ತು. ಗದಗಿನ ಒಬ್ಬ ಖಾನಾವಳಿಯವ ಬಂದು, "ಹಡಗದ ಮನಿ ಎಲ್ಲಿ ಅಂತ ಹುಡಿಕ್ಯಾಡಿ ಸಾಕಾತು. ಹಡಗ ಎಲ್ಲಿ ಹೋತ್ರಿ?" ಎಂದು ಕೇಳಿದ.

"ನೀರಾಗ ಐತಿ," ಎಂದಳು ಮಮತಾ.

ನಳ ಬಂದ ದಿನ ಡ್ರಮ್ಮು ತುಂಬಿದವು, ಕೊಡ ತುಂಬಿದವು. ನೀರು ಇನ್ನೂ ಬರುತ್ತಿತ್ತು. ಹುಚ್ಚವ್ವ ಪೈಪು ಹಿಡಿದುಕೊಂಡು ಬೇವಿನ ಗಿಡದ ಕಡೆಗೆ ತಿರುಗಿ, ಅಲ್ಲೇ ನಿಂತಳು.

"ಇನ್ನ ಎಲ್ಲಿ ಹಿಡೀಲಿ ಮಮತಾ?"

"ಬಿಡ್ರಿ ಅತ್ತಿ. ಹರೀಲಿ."

ಅದೇ ಮಧ್ಯಾಹ್ನ ಅರ್ಜುನ ಫೋನು ಮಾಡಿದ. ಟಾಕಿಗೆ ಸಿಮೆಂಟ್ ಹಚ್ಚಿಸಿದೆಯಾ ಎಂದು ಕೇಳಿದ. ಹಚ್ಚಿಸಿದ್ದೇನೆ ಎಂದಳು. ಅವ್ವನ ಮೊಣಕಾಲು ಹೇಗಿದೆ ಎಂದು ಕೇಳಿದ. ಹಂಗೇ ಐತಿ ಎಂದಳು.

"ನಾಳೆ ಸ್ನೇಹಾ ಮುಂಡರಗಿ ಶಾಲಿಗೆ ಪಾಠ ಮಾಡಾಕ ಬರತಾಳಂತಲ್ಲ. ಅಕಿ ಕೈಯಾಗ ರೊಟ್ಟಿ ಕಳಸು. ಮೌನೇಶ ಹೋಗಿ ತರತಾನ."

ಮಮತಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಮೆತ್ತನವ ಮಾಡ್ಲ್ಯೋ, ಖಡಕ್ ಮಾಡ್ಲ್ಯೋ?"

ಆ ಕಡೆಯಿಂದ ಗಾಳಿ ಕೇಳಿಸುತ್ತಿತ್ತು. ತಂತಿಯೊಂದು ಕಂಬಕ್ಕೆ ಬಡಿಯುತ್ತಿತ್ತು.

"ಖಡಕ್ಕ ಇರಲಿ," ಎಂದ ಅರ್ಜುನ.

"ಆತು."

ಅವಳು ಫೋನನ್ನು ಗೂಡಿನಲ್ಲಿಟ್ಟು ಶೆಡ್ಡಿಗೆ ಬಂದಳು. ಬುಟ್ಟಿಗಳ ತುಂಬ ಖಡಕ್ ರೊಟ್ಟಿ ಒಟ್ಟಿದ್ದವು. ಅವುಗಳನ್ನು ದಾಟಿ ಹೋಗಿ ಆರಿದ ಒಲೆಯ ಮುಂದೆ ಕುಳಿತು ಕಟ್ಟಿಗೆ ಸರಿಸಿದಳು.

"ಮತ್ಯಾಕ ಒಲಿ ಹಚ್ಚತೀ ಅಕ್ಕಾ?" ಎಂದಳು ಸುಗ್ರಾಬಿ. "ಇಷ್ಟೊಂದು ಅದಾವಲ್ಲ, ಇದರಾಗಿಂದ ಕಟ್ಟು."

"ಅವು ಮಾರೂವು."

ಹಿಟ್ಟು ತೆಗೆದುಕೊಂಡಳು, ನಡುವೆ ಗುಂಡಿ ಮಾಡಿ ಬಿಸಿನೀರು ಹೊಯ್ದಳು. ಸುಗ್ರಾಬಿ ಅವಳನ್ನೇ ನೋಡುತ್ತ ಕುಳಿತಿದ್ದಳು.

"ಎಷ್ಟು ಬೇಕಂತ?"

"ಕೇಳಲಿಲ್ಲ," ಎಂದು ಮಮತಾ ಹಿಟ್ಟು ನಾದತೊಡಗಿದಳು.